ಸಿಟ್ಟು ಸಣ್ಣದಿರುವಾಗಲೇ



2025ರ ಜೂನ್ ಕೊನೆಯಲ್ಲಿ ಹನೂರು ತಾಲ್ಲೂಕಿನ ಹೂಗ್ಯಂ ಅರಣ್ಯ ವಲಯದಲ್ಲಿ ಒಂದು ತಾಯಿ ಹುಲಿ, ಅದರ ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು. ಹುಲಿಯನ್ನೇ ವಾಹನ ಮಾಡಿಕೊಂಡ ಮಾದಪ್ಪನ ಬೆಟ್ಟದ ಕಾಡಿನಲ್ಲಿ ಇದು ನಡೆಯಿತು. ತಪ್ಪು ಯಾರದೆಂಬುದನ್ನು ನ್ಯಾಯಾಲಯ ನೋಡಿಕೊಳ್ಳುತ್ತದೆ. ನನ್ನನ್ನು ಕಾಡುವುದು ಅದರ ಹಿಂದಿನ ಸಿಟ್ಟು. ಕಾಡಂಚಿನ ಊರಿನಲ್ಲಿ ಹಾಲು ಕೊಡುವ ಹಸು ಹೋದರೆ ಮನೆಯ ದಿನದ ಖರ್ಚಿನ ದಾರಿಯೇ ಹೋದಂತೆ. ಆ ಸಂಕಟ ಸಣ್ಣದಲ್ಲ.

ಇಂಥ ಸಿಟ್ಟನ್ನು ನಿಭಾಯಿಸಲು ಯೋಗದಲ್ಲಿ ದಾರಿಯಿದೆ. ಆದರೆ ಯೋಗವೆಂದರೆ ಆಸನ ಎಂದು ನಾವು ಅಂದುಕೊಂಡಿದ್ದೇವೆ. ಪತಂಜಲಿಯ ಯೋಗಸೂತ್ರದಲ್ಲಿ ಆಸನದ ವಿವರಣೆ ಬರುವುದು ಮೂರೇ ಸೂತ್ರಗಳಲ್ಲಿ. ಅದರ ಮುಖ್ಯ ಕಾಳಜಿ ಮನಸ್ಸು. ಅವಿದ್ಯೆ (ತಿಳಿಗೇಡಿತನ), ಅಸ್ಮಿತೆ (ನಾನೆಂಬ ಭಾವ), ರಾಗ (ಆಸೆ), ದ್ವೇಷ, ಅಭಿನಿವೇಶ (ಸಾವಿನ ಭಯ) ಎಂಬ ಐದು ಕ್ಲೇಶಗಳನ್ನು, ಅಂದರೆ ಮನಸ್ಸಿನ ಬಾಧೆಗಳನ್ನು ಹೇಳಿ, ಅವಿದ್ಯೆಯ ನೆಲದಲ್ಲಿ ಬೆಳೆಯುವ ಉಳಿದವು ನಾಲ್ಕು ಸ್ಥಿತಿಯಲ್ಲಿರುತ್ತವೆ ಎನ್ನುತ್ತದೆ: ಒಳಗೆ ಮಲಗಿರುವುದು, ತೆಳುವಾಗಿರುವುದು, ಆಗಾಗ ತಡೆದು ನಿಲ್ಲುವುದು, ಪೂರ್ತಿ ಹರಡಿಕೊಳ್ಳುವುದು. ಸಿಟ್ಟು ದ್ವೇಷದ ಬಳಗದ್ದು. ನನಗೆ ಇಲ್ಲಿ ದೊಡ್ಡದಾಗಿ ಕಾಣುವುದು ಇದು. ಸಿಟ್ಟು ಬರಲೇಬಾರದು ಎಂದು ಗ್ರಂಥ ಹಟ ಹಿಡಿಯುವುದಿಲ್ಲ, ಅದು ಯಾವ ಸ್ಥಿತಿಯಲ್ಲಿದೆ ನೋಡಿಕೋ ಎನ್ನುತ್ತದೆ. ಹರಡಿಕೊಂಡ ಮೇಲೆ ಯಾರ ಬುದ್ಧಿಮಾತೂ ಕಿವಿಗೆ ಬೀಳುವುದಿಲ್ಲ. ತೆಳುವಾಗಿರುವಾಗ ಹಿಡಿಯಬೇಕು.

ಹಿಡಿಯುವುದು ಹೇಗೆ? ದೇಹ ಮೊದಲೇ ಸುಳಿವು ಕೊಡುತ್ತದೆ. ಮನಸ್ಸು ಕದಡಿದಾಗ ಮೈ ನಡುಗುತ್ತದೆ, ಉಸಿರು ಏರುಪೇರಾಗುತ್ತದೆ ಎಂದು ಸೂತ್ರವೇ ಹೇಳಿದೆ. ಆಗ ಉಸಿರನ್ನು ನಿಧಾನವಾಗಿ, ಪೂರ್ತಿ ಹೊರಗೆ ಬಿಡಿ. ಕಷ್ಟವಾಗದಷ್ಟು ಹೊತ್ತು ತಡೆಯಿರಿ. ಇದಕ್ಕೆ ಚಾಪೆ ಬೇಡ, ಗುರುವೂ ಬೇಡ. ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ನಿಂತೇ ಮಾಡಬಹುದು.

ಸೂತ್ರ ಹೇಳುವ ಎರಡನೆಯ ದಾರಿ ಪ್ರತಿಪಕ್ಷ ಭಾವನೆ. ಕೆಟ್ಟ ಯೋಚನೆಯ ಜಾಗದಲ್ಲಿ ಒಳ್ಳೆಯದನ್ನು ತುರುಕುವುದು ಎಂದು ಇದನ್ನು ಸುಲಭ ಮಾಡಿಬಿಡುತ್ತಾರೆ. ನಾನು ಒಪ್ಪುವುದಿಲ್ಲ. ಈ ಸಿಟ್ಟಿನ ಫಲ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಕೊನೆಯವರೆಗೂ ಯೋಚಿಸುವುದೇ ಅದು. ವಿಷ ಒಂದು ಹುಲಿಗೆ ನಿಲ್ಲುವುದಿಲ್ಲ, ಮರಿಗಳಿಗೂ ಹೋಗುತ್ತದೆ, ಆಮೇಲೆ ಜೈಲು, ಮನೆಯವರ ಪಾಡು. ಹಿಂಸೆಯನ್ನು ಮಾಡಿದವನು, ಮಾಡಿಸಿದವನು, ಸರಿ ಎಂದು ತಲೆಯಾಡಿಸಿದವನು, ಮೂವರನ್ನೂ ಪತಂಜಲಿ ಒಂದೇ ಸಾಲಿಗೆ ಸೇರಿಸುತ್ತಾನೆ. ಅಂದರೆ ಅರಳಿಕಟ್ಟೆಯಲ್ಲಿ ಕೂತು ಸಿಟ್ಟಿಗೆ ಗಾಳಿ ಹಾಕುವವರಿಗೂ ಪಾಲುಂಟು.

ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರು ಹುಲಿಯನ್ನು ಹುಲಿವೀರಪ್ಪನೆಂದು ಪೂಜಿಸುತ್ತಾರೆ. ಭಯ ದ್ವೇಷವಾಗದಂತೆ ನೋಡಿಕೊಳ್ಳುವುದನ್ನು ಅವರು ಯೋಗಸೂತ್ರ ಓದಿ ಕಲಿತವರಲ್ಲ. ಭಯಕ್ಕೂ ಗೌರವಕ್ಕೂ ಒಂದೇ ಮನಸ್ಸಿನಲ್ಲಿ ಜಾಗ ಮಾಡಿಕೊಂಡು ಆ ಕಾಡಿನಲ್ಲಿ ಬಾಳಿದ್ದಾರೆ.

ಉಸಿರಿನಿಂದ ಎಲ್ಲ ನೋವೂ ಕರಗುತ್ತದೆ ಎಂದು ನಾನು ಹೇಳಲಾರೆ. ಸತ್ತ ಜಾನುವಾರಿಗೆ ಪರಿಹಾರ ಬೇಕೇ ಬೇಕು, ಅರಣ್ಯ ಇಲಾಖೆಗೆ ಕೂಡಲೇ ತಿಳಿಸಿ. ದುಃಖ, ಕೋಪ, ಭಯ ವಾರಗಟ್ಟಲೆ ಬಿಡದೆ ನಿದ್ದೆ ಕೆಡಿಸಿದರೆ ಒಬ್ಬರೇ ಅನುಭವಿಸಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ, ಉಚಿತವಾಗಿ ಮಾತಾಡಬಹುದು.