ಕಾಣದ ಗಿರಾಕಿಯ ಕೈಯಲ್ಲಿ ನಮ್ಮ ಹೆಸರು

(ಹರಿಹರ ತಾಲ್ಲೂಕಿನ ರೈತರು ಮತ್ತು ಸ್ವಸಹಾಯ ಸಂಘಗಳ ಸದಸ್ಯರು ಸೇರಿದ್ದ ಕೂಟವೊಂದರಲ್ಲಿ ಮಾಡಿದ ಭಾಷಣ)



ನಾನು ತಮ್ಮಂತೆಯೇ ಒಬ್ಬ ಬೇಸಾಯಗಾರ. ಭಾಷಣ ಮಾಡಿ ರೂಢಿಯಿಲ್ಲ. ಆದರೂ ಕಳೆದ ಕೆಲವು ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಮಾಡಿದ ಪದಾರ್ಥವನ್ನು ಫೋನಿನ ಮೂಲಕ ಮಾರಿ ಒಂದಿಷ್ಟು ಪೆಟ್ಟು ತಿಂದು, ಒಂದಿಷ್ಟು ಪಾಠ ಕಲಿತಿದ್ದೇನೆ. ಅದನ್ನು ತಮ್ಮ ಮುಂದೆ ಇಡುವುದು ನನ್ನ ಕರ್ತವ್ಯವೆಂದು ಭಾವಿಸಿ ಎರಡು ಮಾತು ಹೇಳುತ್ತೇನೆ.

ಸಂತೆಯಲ್ಲಿ ವ್ಯಾಪಾರ ಹೇಗೆ ನಡೆಯುತ್ತದೆಂಬುದು ತಮಗೆ ತಿಳಿಯದ್ದಲ್ಲ. ಕೊಳ್ಳುವವನು ಚೀಲದೊಳಗೆ ಕೈ ಹಾಕುತ್ತಾನೆ. ಶೇಂಗಾ ಒಡೆದು ಬಾಯಿಗೆ ಹಾಕಿಕೊಳ್ಳುತ್ತಾನೆ. ದಾವಣಗೆರೆಯ ಮಾರುಕಟ್ಟೆ ಪ್ರಾಂಗಣಕ್ಕೆ ಮೆಕ್ಕೆಜೋಳ ಒಯ್ದರೆ, ವ್ಯಾಪಾರಸ್ಥರು ಹಿಡಿ ಕಾಳು ತೆಗೆದು ಹಸಿಯೋ ಒಣಗಿದೆಯೋ ಎಂದು ನೋಡುತ್ತಾರೆ. ಮಾಲು ಕಣ್ಣೆದುರಿಗೆ ಇರುತ್ತದೆ, ಮಾರುವವನ ಮುಖವೂ ಎದುರಿಗೇ ಇರುತ್ತದೆ.

ಫೋನಿನ ಅಂಗಡಿಯಲ್ಲಿ ಇವೆರಡೂ ಇಲ್ಲ. ಕೊಳ್ಳುವವನು ಬೆಂಗಳೂರಿನಲ್ಲೋ ಪುಣೆಯಲ್ಲೋ ಕುಳಿತು ಒಂದು ಚಿತ್ರವನ್ನು ನೋಡುತ್ತಾನೆ, ಅಷ್ಟೆ. ಮುಟ್ಟಿ ನೋಡುವಂತಿಲ್ಲ, ಮೂಸಿ ನೋಡುವಂತಿಲ್ಲ. ಹಾಗಾದರೆ ಅವನು ಯಾವ ಧೈರ್ಯದಿಂದ ಹಣ ಕೊಡಬೇಕು? ಮುಂಚೆ ಕೊಂಡವರು ಏನು ಹೇಳಿದ್ದಾರೆಂದು ನೋಡುತ್ತಾನೆ. ಅವರು ಕೊಟ್ಟ ಒಂದರಿಂದ ಐದರವರೆಗಿನ ಸ್ಟಾರುಗಳನ್ನೇ 'ರೇಟಿಂಗ್' ಎನ್ನುತ್ತಾರೆ. ಐದು ಎಂದರೆ ಬಹಳ ಒಳ್ಳೆಯದು, ಒಂದು ಎಂದರೆ ಕೆಟ್ಟದ್ದು.

ಇದು ತೀರ ಹೊಸ ವಿಚಾರವೇನಲ್ಲ. ದಾವಣಗೆರೆಯ ಬೆಣ್ಣೆದೋಸೆಗೆ ನಾಡಿನಲ್ಲೆಲ್ಲ ಹೆಸರು ತಂದವರು ಯಾರು? ತಿಂದು ಹೋದವರೇ ಅಲ್ಲವೆ! ತಿಂದವರ ಬಾಯಿಂದ ಬಾಯಿಗೆ ಹೋದ ಮಾತು ಈಗ ಅಂಕಿಯ ರೂಪ ತಾಳಿದೆ. ಅಮೆರಿಕದಲ್ಲಿ 1995ರಲ್ಲಿ ಆರಂಭವಾದ ಈಬೇ ಎಂಬ ಮಾರಾಟ ತಾಣವು, ಪರಸ್ಪರ ಗುರುತಿಲ್ಲದವರು ನಂಬಿ ವ್ಯವಹಾರ ಮಾಡಲೆಂದು 1996ರಲ್ಲಿ ಈ ಅಭಿಪ್ರಾಯದ ಪದ್ಧತಿಯನ್ನು ತಂದಿತು. ನಮ್ಮ ಬೆಂಗಳೂರಿನಲ್ಲಿ 2007ರಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ ಮೊದಲಾದ ಅಂಗಡಿಗಳಲ್ಲಿಯೂ ಈಗ ಇದೇ ರೂಢಿ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ನಮ್ಮ ಕೃಷಿ ಮಾರುಕಟ್ಟೆಗಳಿಗೂ ಕಂಪ್ಯೂಟರ್ ಬಂದಿದೆ. ಕರ್ನಾಟಕದ ಏಕೀಕೃತ ಮಾರುಕಟ್ಟೆ ವೇದಿಕೆ 2014ರಲ್ಲಿ ಆರಂಭವಾಯಿತು. ರಾಷ್ಟ್ರಮಟ್ಟದ ಇ-ನಾಮ್ 2016ರ ಏಪ್ರಿಲ್ 14ರಂದು ಆರಂಭವಾಯಿತು. ಅಲ್ಲಿ ಪ್ರತಿಯೊಂದು ಲಾಟಿಗೂ ನಂಬರು ಕೊಟ್ಟು, ಆ ಲಾಟಿನ ಮೇಲೆ ವ್ಯಾಪಾರಸ್ಥರು ಧಾರಣೆ ಹಾಕುತ್ತಾರೆ. ಅಲ್ಲಿ ಪರೀಕ್ಷೆ ಆಗತಕ್ಕದ್ದು ಮಾಲಿಗೆ. ಹೋದ ವರ್ಷದ ಮೆಕ್ಕೆಜೋಳ ಹಸಿಯಾಗಿತ್ತೆಂದು ಈ ವರ್ಷದ ಒಣ ಕಾಳಿಗೆ ಯಾರೂ ಧಾರಣೆ ಇಳಿಸುವುದಿಲ್ಲ. ಫೋನಿನ ಅಂಗಡಿಯಲ್ಲಿಯಾದರೋ ಪರೀಕ್ಷೆ ನಮ್ಮ ಹೆಸರಿಗೆ. ಹಿಂದೆ ಮಾಡಿದ್ದು ಮುಂದಿನ ವ್ಯಾಪಾರದ ಬೆನ್ನು ಹತ್ತಿ ಬರುತ್ತದೆ.

ಅದರ ಬೆಲೆ ಎಷ್ಟೆಂದು ಕೇಳಬಹುದು. ವಿದ್ವಾಂಸರು ಇದನ್ನು ಅಳೆದು ನೋಡಿದ್ದಾರೆ. ಈಬೇಯಲ್ಲಿ ಹಳೆಯ ಚಿತ್ರದ ಅಂಚೆ ಕಾರ್ಡುಗಳನ್ನು ಮಾರುತ್ತಿದ್ದ ಒಬ್ಬ ಒಳ್ಳೆಯ ಹೆಸರಿನ ವ್ಯಾಪಾರಿಯ ನೆರವು ಪಡೆದು, ಒಂದೇ ಬಗೆಯ ಕಾರ್ಡುಗಳನ್ನು ಅವನ ಹಳೆಯ ಹೆಸರಿನಲ್ಲಿ ಕೆಲವನ್ನೂ ಯಾರಿಗೂ ಗೊತ್ತಿಲ್ಲದ ಹೊಸ ಹೆಸರುಗಳಲ್ಲಿ ಕೆಲವನ್ನೂ ಮಾರಿಸಿದರು. 2006ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ಹಳೆಯ ಹೆಸರಿಗೆ ಗಿರಾಕಿಗಳು ಶೇಕಡ 8.1ರಷ್ಟು ಹೆಚ್ಚು ಕೊಡಲು ಸಿದ್ಧರಿದ್ದರು. ಮಾಲು ಒಂದೇ, ಕೈಯೂ ಒಂದೇ. ಹೆಸರಿಗೆ ಸಿಕ್ಕಿದ್ದು ನೂರಕ್ಕೆ ಎಂಟು ರೂಪಾಯಿ. 2010ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ವಾರಕ್ಕೆ ಶೇಕಡ 5ರಂತೆ ಏರುತ್ತಿದ್ದ ಮಾರಾಟವು ಮೊಟ್ಟಮೊದಲ ಕೆಟ್ಟ ಅಭಿಪ್ರಾಯ ಬಿದ್ದ ಮೇಲೆ ವಾರಕ್ಕೆ ಶೇಕಡ 8ರಂತೆ ಇಳಿಯತೊಡಗಿದ್ದು ಕಂಡುಬಂತು. ಹಾಲು ಕೆಡಲು ಒಂದು ಹನಿ ಹುಳಿ ಸಾಕು.

ಇನ್ನು ನಮ್ಮ ಮನೆಯ ಸಂಗತಿ. ಮನೆಯವರೂ ನೆರೆಯ ಇಬ್ಬರು ಹೆಣ್ಣುಮಕ್ಕಳೂ ಸೇರಿ ಶೇಂಗಾ ಚಟ್ನಿಪುಡಿ ಮಾಡಿ, ಒಂದು ಫೋನ್ ಅಂಗಡಿಯಲ್ಲಿ ಮಾರಾಟಕ್ಕಿಟ್ಟರು. ಶೇಂಗಾ ನಮ್ಮ ಹೊಲದ್ದೇ. ಮೊದಲ ಇಬ್ಬರು ಐದೈದು ಸ್ಟಾರ್ ಕೊಟ್ಟರು. ಮೂರನೆಯ ಪ್ಯಾಕೆಟ್ಟು ಮಳೆಯಲ್ಲಿ ಹೋಗಿ, ದಾರಿಯಲ್ಲಿ ಒಡೆದು, ಪುಡಿ ಚೆಲ್ಲಿಹೋಯಿತು. ಆ ಪುಣ್ಯಾತ್ಮರು ಒಂದು ಸ್ಟಾರ್ ಕೊಟ್ಟರು. ನಮ್ಮ ಅಂಕಿ ಅಂದೇ 3.7ಕ್ಕೆ ಇಳಿಯಿತು. ದಿನಕ್ಕೆ ಎರಡು ಮೂರು ಬರುತ್ತಿದ್ದ ಆರ್ಡರು ವಾರಕ್ಕೆ ಒಂದಾಯಿತು. ನಮ್ಮ ಮನೆಯಾಕೆ ಅದನ್ನು ಓದಿಸಿ ಕೇಳಿ, "ಏನ್ರೀ ಇದು? ಪುಡಿ ಚಲೋ ಇಲ್ಲ ಅಂತ ಅವ್ರು ಬರ್ದಿಲ್ಲ. ಒಡೆದದ್ದು ದಾರ್ಯಾಗೆ, ಹೆಸರು ಕೆಟ್ಟಿದ್ದು ನಮ್ದು" ಎಂದಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಹುರಿದ ಶೇಂಗಾ ಡಬ್ಬದಲ್ಲಿ ಹಾಗೇ ಉಳಿಯಿತು. ಆ ಇಬ್ಬರು ಹೆಣ್ಣುಮಕ್ಕಳು ಮತ್ತೆ ಕೂಲಿಗೆ ಹೋದರು.

ಆ ಮೇಲೆ ಕುಳಿತು ಲೆಕ್ಕ ಹಾಕಿದೆ. ತಾವೂ ಬೆರಳಿನಲ್ಲಿ ಹಾಕಬಹುದು. ಎರಡು ಐದರ ಜೊತೆಗೆ ಒಂದು ಒಂದು ಸೇರಿದರೆ ಒಟ್ಟು ಹನ್ನೊಂದು. ಮೂರರಿಂದ ಭಾಗಿಸಿದರೆ 3.67. ಹತ್ತು ಐದರ ಜೊತೆಗೆ ಅದೇ ಒಂದು ಬಿದ್ದಿದ್ದರೆ 4.64. ನೂರು ಐದರ ಜೊತೆಗೆ ಬಿದ್ದಿದ್ದರೆ 4.96. ಕೆಲವು ಅಂಗಡಿಗಳು ಬರಿಯ ಸರಾಸರಿಯಲ್ಲದೆ ಬೇರೆ ಅಂಶಗಳನ್ನೂ ಸೇರಿಸುತ್ತವೆಯಾದರೂ ತತ್ತ್ವ ಇದೇ. ತಪ್ಪು ಒಂದೇ; ಆದರೆ ಹೊಸಬನಿಗೆ ಅದು ಆಲಿಕಲ್ಲಿನ ಮಳೆ, ಹಳಬನಿಗೆ ತುಂತುರು. ಎಳೆಯ ಸಸಿಯನ್ನು ಹೇಗೆ ಕಾಯುತ್ತೇವೋ ಹಾಗೆ ಮೊದಲ ಇಪ್ಪತ್ತು ಮೂವತ್ತು ಗಿರಾಕಿಗಳನ್ನು ಕಾಯಬೇಕು. ನಾನು ಇಂದು ಹೇಳಬೇಕಾದ ಮುಖ್ಯ ಮಾತು ಇದೇ.

ಕಾಯುವುದು ಹೇಗೆ? ನಾವು ಮಾಡಿ ನೋಡಿದ್ದನ್ನು ಹೇಳುತ್ತೇನೆ.

ಒಂದನೆಯದು: ಆರಂಭದಲ್ಲಿ ಸ್ವಲ್ಪವೇ ಮಾರಿರಿ. ಮಾಡಲಾಗದಷ್ಟು ಆರ್ಡರು ಹಿಡಿದು ತಡಮಾಡುವುದಕ್ಕಿಂತ, ಹತ್ತು ಹಿಡಿದು ಹತ್ತನ್ನೂ ವೇಳೆಗೆ ಕಳಿಸುವುದು ಲೇಸು.

ಎರಡನೆಯದು: ಕಟ್ಟುವುದಕ್ಕೆ ಜಿಪುಣತನ ಬೇಡ. ಒಳಗೊಂದು ಗಟ್ಟಿ ಚೀಲ, ಹೊರಗೊಂದು ರಟ್ಟಿನ ಡಬ್ಬ. ಎದೆಯೆತ್ತರದಿಂದ ನೆಲಕ್ಕೆ ಬೀಳಿಸಿ ನೋಡಿರಿ, ಒಡೆಯದಿದ್ದರೆ ಕಳಿಸಿರಿ.

ಮೂರನೆಯದು: ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಖಾರ ಹೆಚ್ಚಿದ್ದರೆ ಹೆಚ್ಚೆಂದೂ, ಬೆಲ್ಲ ಕಪ್ಪಾಗಿದ್ದರೆ ಕಪ್ಪೆಂದೂ ಹೇಳಿರಿ. ಚಿತ್ರದಲ್ಲಿ ಒಂದು, ಡಬ್ಬದಲ್ಲಿ ಇನ್ನೊಂದು ಆದಾಗಲೇ ಗಿರಾಕಿಗೆ ಸಿಟ್ಟು ಬರುವುದು. ತೂಕ, ಬೆಲೆ, ತಯಾರಿಸಿದ ದಿನ ಇವನ್ನು ಚೀಟಿಯ ಮೇಲೆ ತಪ್ಪದೆ ನಮೂದಿಸತಕ್ಕದ್ದು. ತಿನ್ನುವ ಪದಾರ್ಥಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿಯೂ ಬೇಕು.

ನಾಲ್ಕನೆಯದು: ಕೆಟ್ಟ ಮಾತು ಬಂದರೆ ಜಗಳಕ್ಕೆ ನಿಲ್ಲಬಾರದು. ಅಂಗಡಿಯಲ್ಲಿ ಉತ್ತರ ಬರೆಯಲು ಅವಕಾಶವಿದ್ದರೆ, ತಪ್ಪಾದದ್ದು ಏನು, ಈಗ ಏನು ಸರಿಪಡಿಸಿದ್ದೇವೆ ಎಂಬುದನ್ನು ಎರಡೇ ಸಾಲಿನಲ್ಲಿ ವಿನಯದಿಂದ ಬರೆಯಿರಿ. ಆ ಉತ್ತರವನ್ನು ಓದುವವರು ಮುಂದೆ ಬರುವ ನೂರು ಮಂದಿ.

ಐದನೆಯದು: ತೃಪ್ತನಾದವನು ಸಾಮಾನ್ಯವಾಗಿ ಸುಮ್ಮನಿರುತ್ತಾನೆ. ಪದಾರ್ಥ ಹೇಗಿತ್ತೆಂದು ನಿಜವಾದ ಅಭಿಪ್ರಾಯ ಬರೆಯಿರೆಂದು ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ.

ಇಷ್ಟೆಲ್ಲ ಮಾಡಿಯೂ ನಮ್ಮ ಅಂಕಿ ನಾಲ್ಕೂವರೆ ದಾಟಲು ಆ ಮುಂಗಾರು ಕಳೆದು ದೀಪಾವಳಿ ಬರಬೇಕಾಯಿತು. ದೀಪಾವಳಿಯ ನಂತರ ಆ ಇಬ್ಬರು ಹೆಣ್ಣುಮಕ್ಕಳೂ ಹಿಂದಿರುಗಿ ಬಂದರು.

ಈ ನಡುವೆ ಒಬ್ಬ ಪರಿಚಿತರು, "ಹಣ ಕೊಟ್ಟರೆ ಐವತ್ತು ಐದು-ಸ್ಟಾರ್ ಹಾಕಿಸುತ್ತೇನೆ" ಎಂದರು. ಒಪ್ಪಲಿಲ್ಲ. ಇದು ಕಲ್ಲು ಬೆರೆಸಿದ ಅಕ್ಕಿಯಂತೆ. ಮೊದಲ ತುತ್ತಿಗೇ ತಿಳಿಯುತ್ತದೆ. ಕಾಯಿದೆಯೂ ಇದಕ್ಕೆ ಅಡ್ಡಿಯಾಗಿದೆ. ಕೇಂದ್ರ ಸರ್ಕಾರದ 2020ರ ಇ-ವಾಣಿಜ್ಯ ಗ್ರಾಹಕ ಸಂರಕ್ಷಣಾ ನಿಯಮಗಳ ಪ್ರಕಾರ, ಮಾರುವವನು ತಾನೇ ಗ್ರಾಹಕನಂತೆ ವೇಷ ಹಾಕಿ ಅಭಿಪ್ರಾಯ ಬರೆಯತಕ್ಕದ್ದಲ್ಲ. ಅಭಿಪ್ರಾಯಗಳನ್ನು ಹೇಗೆ ಸಂಗ್ರಹಿಸಿ, ಪರಿಶೀಲಿಸಿ, ಪ್ರಕಟಿಸಬೇಕೆಂಬುದಕ್ಕೆ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಒಂದು ಮಾನಕವನ್ನೇ ಹೊರಡಿಸಿದೆ.

ಅಂಗಡಿಯವರಿಗೂ ಹೊಣೆಯುಂಟು. ಯಾರ ಮಾಲನ್ನು ಮೇಲೆ ತೋರಿಸುತ್ತೇವೆ, ಯಾರದನ್ನು ಕೆಳಗೆ ತಳ್ಳುತ್ತೇವೆ ಎಂಬುದಕ್ಕೆ ಮುಖ್ಯ ಆಧಾರಗಳೇನೆಂದು ಸರಳ ಭಾಷೆಯಲ್ಲಿ ತಿಳಿಸಬೇಕೆಂದು ಅದೇ 2020ರ ನಿಯಮಗಳು ಹೇಳುತ್ತವೆ. ನಾವು ಸೇರುವ ಮೊದಲು ಅದನ್ನು ಕೇಳಿ ಓದಿಸಿಕೊಳ್ಳಬೇಕು. ಸಾಗಣೆಯವರ ತಪ್ಪಿಗೆ ಬಿದ್ದ ಸ್ಟಾರನ್ನು ತೆಗೆಸಲು ದಾರಿ ಇದೆಯೇ ಎಂದೂ ವಿಚಾರಿಸಬೇಕು. ಕಳಿಸುವ ಮುನ್ನ ಡಬ್ಬದ ಚಿತ್ರ ತೆಗೆದಿಟ್ಟುಕೊಂಡರೆ ದೂರು ಕೊಡುವಾಗ ಸಾಕ್ಷಿಯಾಗುತ್ತದೆ.

ಇನ್ನೊಂದು ಉಪಾಯವುಂಟು. ಒಬ್ಬೊಬ್ಬರೇ ಹೆಸರು ಕಟ್ಟಲು ವರ್ಷಗಳು ಬೇಕು. ಹತ್ತು ಮನೆ ಸೇರಿ ಒಂದೇ ಹೆಸರಿನಲ್ಲಿ ಮಾರಿದರೆ ಸ್ಟಾರುಗಳು ಬೇಗ ಕೂಡುತ್ತವೆ. ಕೇಂದ್ರ ಸರ್ಕಾರವು 10,000 ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಯೋಜನೆಯನ್ನು 2020ರಲ್ಲಿ ಆರಂಭಿಸಿತು. ಅಂಥ ಸಂಸ್ಥೆಯ ಹೆಸರಿನಲ್ಲಿ ಭದ್ರಾ ನಾಲೆಯ ಅಕ್ಕಿಯನ್ನಾಗಲಿ, ದಾವಣಗೆರೆಯ ಮಂಡಕ್ಕಿಯನ್ನಾಗಲಿ ಮಾರಬಹುದು. ಆದರೆ ಎಚ್ಚರಿಕೆ: ಹೆಸರು ಒಂದಾದ ಮೇಲೆ ಒಬ್ಬನ ಹುಳುಕು ಹತ್ತು ಮನೆಗೂ ತಟ್ಟುತ್ತದೆ. ಹಾಲಿನ ಡೇರಿಯಲ್ಲಿ ಕ್ಯಾನಿಗೆ ಸುರಿಯುವ ಮೊದಲು ಪ್ರತಿಯೊಬ್ಬರ ಹಾಲನ್ನೂ ಪರೀಕ್ಷಿಸುತ್ತಾರಲ್ಲವೇ, ಹಾಗೆಯೇ ಡಬ್ಬ ಮುಚ್ಚುವ ಮೊದಲು ಪ್ರತಿಯೊಬ್ಬರ ಮಾಲನ್ನೂ ನೋಡುವ ಏರ್ಪಾಡು ಇರಬೇಕು. ಅಲ್ಲಿ ದಾಕ್ಷಿಣ್ಯ ಸಲ್ಲದು.

ಕಡೆಯದಾಗಿ ಒಂದು ವಿಜ್ಞಾಪನೆ. ನಾವು ಮಾರುವವರಷ್ಟೇ ಅಲ್ಲ, ಕೊಳ್ಳುವವರೂ ಹೌದು. ಔಷಧಿ ಹೊಡೆಯುವ ಪಂಪು, ಟಾರ್ಪಾಲು, ಮಕ್ಕಳ ಪುಸ್ತಕ ಇವನ್ನೆಲ್ಲ ಫೋನಿನಲ್ಲಿ ತರಿಸುತ್ತೇವೆ. ಕೊಳ್ಳುವಾಗ ಬರಿಯ ಅಂಕಿಯನ್ನು ನೋಡದೆ, ಎಷ್ಟು ಮಂದಿ ಹೇಳಿದ್ದಾರೆಂಬುದನ್ನೂ ಒಂದು-ಎರಡು ಸ್ಟಾರಿನವರು ಏನು ಬರೆದಿದ್ದಾರೆಂಬುದನ್ನೂ ನೋಡಿರಿ. ಮಾಲು ಕೆಟ್ಟದ್ದಾದರೆ ಅಂಜದೆ ಕೆಟ್ಟದ್ದೆಂದು ಬರೆಯಿರಿ. ಆದರೆ ಸಾಗಣೆಯವನು ಎರಡು ದಿನ ತಡಮಾಡಿದನೆಂದು ಮಾರಿದವನಿಗೆ ಒಂದು ಸ್ಟಾರ್ ಒತ್ತುವ ಮುನ್ನ ಒಂದು ಗಳಿಗೆ ಯೋಚಿಸಿರಿ. ಆ ಕಡೆಯಲ್ಲಿಯೂ ಯಾರದೋ ಅಡಿಗೆಮನೆ, ಯಾರದೋ ಮಗ್ಗ ಇರುತ್ತದೆ. ನಮಗೆ ಬೆರಳಿನ ಒಂದು ಒತ್ತು. ಅವರಿಗೆ ಒಂದು ಮುಂಗಾರಿನ ದುಡಿಮೆ.

ತೂಕ ಸರಿಯಿರಲಿ, ಮಾತು ಸರಿಯಿರಲಿ.