ಅಮ್ಮ ಚೆನ್ನಾಗಿದ್ದಾರೆ, ಅಕ್ಕ ಹೇಗಿದ್ದಾಳೆ?

ಈ ವಾರ ನಮ್ಮ ಮನೆಯ ವಿಷಯದಿಂದಲೇ ಶುರು ಮಾಡ್ತೀನಿ.

ಅಮ್ಮ ಇರೋದು ಹಲಸೂರಿನಲ್ಲಿ. ಅವರಿಗೆ ಮರೆವಿನ ಕಾಯಿಲೆ, ಡಿಮೆನ್ಶಿಯಾ. ನೋಡಿಕೊಳ್ಳೋದು ಅಕ್ಕ. ನಾನು ಕೆ.ಆರ್. ಪುರದಲ್ಲಿದ್ದೀನಿ, ಅಣ್ಣ ವಿದೇಶದಲ್ಲಿ. ಮೂವರಿಗೂ ಸೇರಿ ಒಂದು ವಾಟ್ಸ್‌ಆ್ಯಪ್ ಗ್ರೂಪ್ ಇದೆ. ದಿನಾ ಬೆಳಿಗ್ಗೆ ನಾವಿಬ್ಬರೂ ಅಲ್ಲಿ ‘ಅಮ್ಮ ಹೇಗಿದ್ದಾರೆ?’ ಅಂತ ಕೇಳ್ತಿದ್ವಿ. ‘ಚೆನ್ನಾಗಿದ್ದಾರೆ’ ಅಂತ ಅಕ್ಕ ಬರೀತಿದ್ಲು. ಅಲ್ಲಿಗೆ ನಮ್ಮ ಕರ್ತವ್ಯ ಮುಗೀತು.

ಒಂದು ದಿನ ಅಕ್ಕ ಬರೆದಳು: ‘ನಾನು ಹೇಗಿದ್ದೀನಿ ಅಂತ ಯಾರೂ ಕೇಳಲ್ವಲ್ಲ.’ ಹಿಂದಿನ ರಾತ್ರಿ ಅಮ್ಮ ನಾಲ್ಕು ಸಲ ಎದ್ದು ಬಾಗಿಲ ಚಿಲಕ ತೆಗೆಯೋಕೆ ಹೋಗಿದ್ದರಂತೆ. ಅಕ್ಕ ಕಣ್ಣು ಮುಚ್ಚಿರಲಿಲ್ಲ.

ಆಗ ನಾನು ಏನು ಮಾಡಿದೆ ಗೊತ್ತಾ? ಲಿಂಕ್ ಕಳಿಸಿದೆ. ಪ್ರಾಣಾಯಾಮದ ವಿಡಿಯೊ, ಆರೈಕೆ ಮಾಡುವವರಿಗೆ ಆನ್‌ಲೈನ್ ತರಬೇತಿ. ಅಕ್ಕನ ಉತ್ತರ ಒಂದೇ ಸಾಲು: ‘ಇದನ್ನ ನೋಡೋವಷ್ಟು ಹೊತ್ತು ಅಮ್ಮನ ಹತ್ತಿರ ಯಾರು ಕೂರ್ತಾರೆ?’

ಈ ಪ್ರಶ್ನೆ ನಮ್ಮನೆಯದು ಮಾತ್ರ ಅಲ್ಲ. ಡಿಮೆನ್ಶಿಯಾ ಇರುವವರನ್ನು ನೋಡಿಕೊಳ್ಳುವ ಮನೆಮಂದಿಗಾಗಿ ವಿಶ್ವ ಆರೋಗ್ಯ ಸಂಸ್ಥೆ ‘ಐಸಪೋರ್ಟ್’ ಎಂಬ ಆನ್‌ಲೈನ್ ತರಬೇತಿ ರೂಪಿಸಿದೆ. ನಮ್ಮ ನಿಮ್ಹಾನ್ಸ್‌ನ ಸಂಶೋಧಕರು ಅದನ್ನು ಭಾರತದ ಆರೈಕೆದಾರರ ನಡುವೆ ಪರೀಕ್ಷಿಸಿ ನೋಡಿದರು. ಸೇರಿದವರು 151 ಮಂದಿ, ಕೊನೆಯವರೆಗೆ ಉಳಿದವರು 55. ಕಾಯಿಲೆಯವರನ್ನು ಅರ್ಥ ಮಾಡಿಕೊಳ್ಳುವ ರೀತಿ ಸುಧಾರಿಸಿತ್ತು. ಆದರೆ ಹೊರೆ ಹಗುರಾಯಿತು ಅಂತ ಹೇಳುವಷ್ಟು ವ್ಯತ್ಯಾಸ ಕಾಣಲಿಲ್ಲ.

ಹಾಗಂತ ಫೋನಿನಿಂದ ಪ್ರಯೋಜನವೇ ಇಲ್ಲ ಅಂತಲ್ಲ. ಮೊದಲು ಒಂದು ಗಂಟೆ ಬಿಡುವು ಕೊಡಬೇಕು, ಆಮೇಲೆ ಲಿಂಕ್ ಕೊಡಬೇಕು. ನಾವು ಉಲ್ಟಾ ಮಾಡಿದ್ವಿ.

ಈಗ ಕೆಲಸ ಹಂಚಿಕೊಂಡಿದ್ದೀವಿ. ಔಷಧಿ ತರಿಸೋದು, ಕರೆಂಟ್ ಬಿಲ್ ಕಟ್ಟೋದು, ಡಾಕ್ಟರ ಅಪಾಯಿಂಟ್‌ಮೆಂಟ್ ತಗೊಳ್ಳೋದು ಎಲ್ಲ ಅಣ್ಣನ ಪಾಲು. ಅದಕ್ಕೆ ಅವನು ಬೆಂಗಳೂರಿನಲ್ಲೇ ಇರಬೇಕಾಗಿಲ್ಲ. ಶನಿವಾರ ರಾತ್ರಿ, ಭಾನುವಾರ ನನ್ನ ಸರದಿ. ಕೆ.ಆರ್. ಪುರದಲ್ಲಿ ಮೆಟ್ರೊ ಹತ್ತಿದರೆ ನೇರ ಹಲಸೂರು. ಟ್ರಾಫಿಕ್ ನೆಪ ಈಗ ನಡೆಯಲ್ಲ. ಮೊದಲ ಭಾನುವಾರ ಅಕ್ಕ ಎಲ್ಲಿಗೂ ಹೋಗಲಿಲ್ಲ. ಒಳಗಿನ ರೂಮಲ್ಲಿ ಬಾಗಿಲು ಹಾಕಿಕೊಂಡು ಮಧ್ಯಾಹ್ನದವರೆಗೆ ಮಲಗಿದಳು. ಮೂರನೇ ವಾರ ತಾನೇ ಟೆಲಿ ಮಾನಸ್‌ಗೆ ಫೋನ್ ಮಾಡಿ ಕನ್ನಡದಲ್ಲಿ ಮನಸ್ಸು ಬಿಚ್ಚಿ ಮಾತಾಡಿದಳು.

ಆ ನಂಬರ್ ಬರೆದುಕೊಳ್ಳಿ: 14416. ಉಚಿತ, ದಿನದ 24 ಗಂಟೆಯೂ ಇರುತ್ತೆ. ಹಿರಿಯರ ವಿಷಯದಲ್ಲಿ ಮಾಹಿತಿ, ಸಹಾಯ ಬೇಕಿದ್ದರೆ ಎಲ್ಡರ್‌ಲೈನ್ 14567. ಪೂರ್ವ ಬೆಂಗಳೂರಿನವರಿಗೆ ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನ ಡಿಮೆನ್ಶಿಯಾ ಆರೈಕೆ ಕೇಂದ್ರ ಇದೆ. ನಿಮಗೆ ಯಾವ ಸೇವೆ ಸಿಗಬಹುದು ಅಂತ ಅಲ್ಲಿ ವಿಚಾರಿಸಿ.

ಕೊನೆಗೊಂದು ಮಾತು. ನಿಮ್ಮ ಮನೆಯ ಗ್ರೂಪಿನಲ್ಲೂ ಒಬ್ಬ ಅಕ್ಕ, ಒಬ್ಬ ಅತ್ತಿಗೆ, ಒಬ್ಬ ತಮ್ಮ ದಿನಾ ‘ಚೆನ್ನಾಗಿದ್ದಾರೆ’ ಅಂತ ಬರೀತಿರಬಹುದು. ಇವತ್ತು ಅವರಿಗೇ ಫೋನ್ ಮಾಡಿ. ‘ಏನಾದರೂ ಬೇಕಿದ್ದರೆ ಹೇಳು’ ಅನ್ನಬೇಡಿ, ಅವರು ಹೇಳಲ್ಲ. ‘ಈ ಭಾನುವಾರ ನಾನು ಬರ್ತೀನಿ, ನೀನು ಮಲಗು’ ಅನ್ನಿ.

ಮುಂದಿನ ವಾರ ಸಿಗೋಣ. ನಮಸ್ಕಾರ.