ಗಾಡಿ ಹೋಯ್ತು, ಕಸ ಹೋಗಲಿಲ್ಲ



ಬೆಳಗಾದ್ರೆ ಕಸದ ಆಟೋ ಬರುತ್ತೆ. ಬಕೆಟ್ ಸುರೀತೀವಿ, ಬಾಗಿಲು ಹಾಕ್ಕೋತೀವಿ. ಕಸ ಹೋಯ್ತು ಅಂದ್ಕೋತೀವಿ. ಎಲ್ಲಿಗೆ ಹೋಯ್ತು? ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕೂ ಊರಿನವರು ಇವತ್ತು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಕಾನೂನು ಇಲ್ವಾ? ಬೇಕಾದಷ್ಟಿದೆ. 2016ರ ಘನತ್ಯಾಜ್ಯ ನಿಯಮ ಏನು ಹೇಳಿತ್ತು? ಹಸಿ ಕಸ ಬೇರೆ, ಒಣ ಕಸ ಬೇರೆ. ಬ್ಯಾಟರಿ, ಟ್ಯೂಬ್‌ಲೈಟು, ಅವಧಿ ಮುಗಿದ ಮಾತ್ರೆಗಳಂಥ ಅಪಾಯಕಾರಿ ಕಸ ಬೇರೆ. ಮೂರನ್ನೂ ಮನೆಯಲ್ಲೇ ವಿಂಗಡಿಸಬೇಕು ಅಂತ. ಅದೇ ವರ್ಷ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ವಸ್ತುಗಳು ದೇಶಕ್ಕೇ ನಿಷೇಧ. ಆದ್ರೆ ಸಂತೆಯಲ್ಲಿ ಕಾಲು ಕೆಜಿ ಮೆಣಸಿನಕಾಯಿ ಯಾವುದರಲ್ಲಿ ಹಾಕಿಕೊಡ್ತಾರೆ? ಹೋಟೆಲ್‌ನಿಂದ ಸಾಂಬಾರ್ ಯಾವುದರಲ್ಲಿ ಬರುತ್ತೆ? ನಿಮ್ಮ ಅಡುಗೆಮನೆಯಲ್ಲೇ ನೋಡ್ಕೊಳ್ಳಿ.

ನಿಯಮ ಸಾಯೋದು ಕಡತದಲ್ಲಲ್ಲ ಸ್ವಾಮಿ, ಗಾಡಿಯ ಹಿಂಭಾಗದಲ್ಲಿ. ಗೃಹಿಣಿ ಎರಡು ಬಕೆಟ್ ಇಟ್ಟು ವಿಂಗಡಿಸಿ ಕೊಡ್ತಾಳೆ. ಗಾಡಿಯಲ್ಲಿ ಎರಡೂ ಒಂದೇ ರಾಶಿ ಆಗೋದನ್ನ ಒಂದು ದಿನ ಕಣ್ಣಾರೆ ಕಂಡ್ರೆ ಸಾಕು, ಮಾರನೇ ದಿನದಿಂದ ಅವಳ ಮನೆಯಲ್ಲೂ ಒಂದೇ ಬಕೆಟ್. ತಪ್ಪು ಅವಳದ್ದಾ?

ಬೆರೆತ ಕಸದ ಗತಿ ಏನು ಅಂತ ಬೆಂಗಳೂರು ತೋರಿಸಿದೆ. ರಾಜಧಾನಿಯ ಕಸ ಮಾವಳ್ಳಿಪುರಕ್ಕೆ ಹೋಯ್ತು, ಮಂಡೂರಿಗೆ ಹೋಯ್ತು. ಗಬ್ಬುನಾತ, ನೊಣ, ಕೆಟ್ಟ ನೀರು ಹಳ್ಳಿಯವರ ಪಾಲಿಗೆ. ಜನ ರಸ್ತೆಗಿಳಿದರು. ಕೊನೆಗೆ 2014ರ ಡಿಸೆಂಬರ್ 1ರಿಂದ ಮಂಡೂರಿಗೆ ಲಾರಿ ಕಳಿಸೋದನ್ನ ನಿಲ್ಲಿಸಬೇಕಾಯ್ತು. ನಮ್ಮ ಊರುಗಳ ಪಕ್ಕದಲ್ಲೂ ಹಳ್ಳಿಗಳಿವೆ. ಹೊಳೆನರಸೀಪುರದ ಪಕ್ಕದಲ್ಲಿ ಹೇಮಾವತಿ ಹರೀತಾಳೆ. ಚರಂಡಿಗೆ ಎಸೆದ ಕವರ್ ಮಳೆಗಾಲದಲ್ಲಿ ಹೊಳೆಗೇ ಸೇರೋದು.

ಆದ್ರೆ ಬೆಂಗಳೂರಿಗಿಲ್ಲದ ಅನುಕೂಲ ನಮಗಿದೆ. ಮನೆ ಕಸದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹಸಿ ಕಸ, ಅಂದ್ರೆ ಗೊಬ್ಬರ. ಚನ್ನರಾಯಪಟ್ಟಣದ ಸುತ್ತ ತೆಂಗಿನ ತೋಟ, ಹಾಸನ, ಅರಕಲಗೂಡಿನ ಸುತ್ತ ಆಲೂಗಡ್ಡೆ ಹೊಲ. ನಮ್ಮ ಅಜ್ಜಿಯಂದಿರು ಕಲಗಚ್ಚು ಹಸುವಿಗಿಟ್ಟು, ಉಳಿದದ್ದನ್ನ ತಿಪ್ಪೆಗೆ ಹಾಕ್ತಿದ್ರು. ಆ ತಿಪ್ಪೆ ಹೊಲಕ್ಕೆ ಹೋಗ್ತಿತ್ತು. ಇವತ್ತು ಅದರೊಳಗೆ ಪ್ಲಾಸ್ಟಿಕ್ ಸೇರಿದೆ ನೋಡಿ, ರೈತ ಮುಟ್ಟಲ್ಲ.

ಹಾಗಾಗಿ ಮನೆಯವರಿಗೆ ಒಂದು ಮಾತು: ಹಿತ್ತಲಿದ್ರೆ ಗುಂಡಿ ತೋಡಿ, ಇಲ್ಲದಿದ್ರೆ ಮಹಡಿ ಮೇಲೊಂದು ಡ್ರಮ್ ಇಡಿ. ಅಂಗಡಿಗೆ ಕೈಚೀಲ ಹಿಡಿದು ಹೋಗಿ. ನಗರಾಡಳಿತಕ್ಕೆ ಎರಡು ಮಾತು: ಬೆರೆಸಿದ ಕಸ ತಗೋಬೇಡಿ, ವಿಂಗಡಿಸಿದ ಕಸ ಬೆರೆಸಬೇಡಿ. ಎರಡನೆಯದನ್ನ ಮಾಡದೆ ಮೊದಲನೆಯದಕ್ಕೆ ದಂಡ ಹಾಕೋ ನೈತಿಕತೆ ಯಾರಿಗೂ ಇಲ್ಲ.

ಮುಂದಿನ ಸಲ ವಾರ್ಡಿಗೆ ವೋಟು ಕೇಳೋಕೆ ಬಂದವರನ್ನ ರಸ್ತೆ, ಚರಂಡಿ ಜೊತೆಗೆ ಇದನ್ನೂ ಕೇಳಿ: ನಮ್ಮ ಹಸಿ ಕಸ ಎಲ್ಲಿ ಗೊಬ್ಬರ ಆಗ್ತಿದೆ, ಕರ್ಕೊಂಡು ಹೋಗಿ ತೋರಿಸ್ತೀರಾ?